ಕಾಡಿಗೆಯ ಗೆರೆ ರೆಪ್ಪೆಗೂದಲಿನ ಹೊರಗಿರಲಿ

ಮಗಳು ಪಿಯುಸಿ ಮುಗಿಸಿ ಕಾಲೇಜಿಗೆ ಸೇರಿದ್ದಾಳೆ. ಬರುವ ತಿಂಗಳು ನೆಂಟರ ಮನೆಯಲ್ಲಿ ಮದುವೆ. ‘ಅಮ್ಮಾ, ನನಗೂ ಒಂದು ಐ ಲೈನರ್ ಕೊಡಿಸು’ ಎಂದು ದುಂಬಾಲು ಬಿದ್ದಿದ್ದಾಳೆ. ಅವಳನ್ನು ಕರೆದುಕೊಂಡು ನೀವು ಸಾಸ್ವೆಹಳ್ಳಿಯ ಯಾವುದೋ ಬಳೆ ಅಂಗಡಿಯ ಮುಂದೆ ನಿಂತಿದ್ದೀರಿ ಎಂದಿಟ್ಟುಕೊಳ್ಳಿ. ಗಾಜಿನ ಪೆಟ್ಟಿಗೆಯೊಳಗೆ ಏನುಂಟು ಏನಿಲ್ಲ! ತಿರುಗಿಸಿದರೆ ಮೇಲೇಳುವ ಕಾಜಲ್ ಕಡ್ಡಿ, ಪುಟ್ಟ ಕುಂಚವಿರುವ ಲೈನರ್ ಸೀಸೆ, ಮಸ್ಕರಾ, ಹನ್ನೆರಡು ಬಣ್ಣಗಳ ಐ ಶ್ಯಾಡೋ ತಟ್ಟೆ, ಮಿರಮಿರ ಮಿನುಗುವ ಪುಡಿ, ಮೂಲೆಯಲ್ಲಿ ಹಳೆಯ ಪರಿಚಯದ ದುಂಡನೆಯ ಕಾಡಿಗೆ ಡಬ್ಬಿ. ಇವುಗಳಲ್ಲಿ ಯಾವುದನ್ನು ಕೊಳ್ಳಬೇಕು? ಕೊಂಡದ್ದನ್ನು ಎಲ್ಲಿ ಹಚ್ಚಬೇಕು?

ಕೊಳ್ಳುವ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಎಲ್ಲಿ ಹಚ್ಚಬೇಕು ಎಂದು ಕೇಳುವವರು ಕಡಿಮೆ. ಆದರೆ ಕಣ್ಣಿನ ಮಟ್ಟಿಗೆ ಈ ಎರಡನೆಯ ಪ್ರಶ್ನೆಯೇ ದೊಡ್ಡದು. ಕೆನ್ನೆಗೆ ಹಚ್ಚಿದ ಬಣ್ಣ ಕೆನ್ನೆಯಲ್ಲೇ ಉಳಿಯುತ್ತದೆ, ತುಟಿಯ ಬಣ್ಣ ಊಟದೊಂದಿಗೆ ಅಳಿಸಿಹೋಗುತ್ತದೆ. ಕಣ್ಣಿನ ಅಂಚಿಗೆ ಹಚ್ಚಿದ್ದು ಕಣ್ಣಿನ ಒಳಗೇ ಇಳಿಯುತ್ತದೆ. ಅದು ಹೇಗೆಂದು ಮೊದಲು ತಿಳಿದುಕೊಂಡರೆ ಅಂಗಡಿಯಲ್ಲಿ ಆರಿಸುವುದೂ ಸುಲಭ.

ಎರಡು ಮಿಲಿಮೀಟರಿನ ಅಂಚು

ಕನ್ನಡಿಯ ಮುಂದೆ ನಿಂತು ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಕೆಳಕ್ಕೆ ಸರಿಸಿ ನೋಡಿ. ರೆಪ್ಪೆಗೂದಲು ಹುಟ್ಟುವ ಸಾಲಿಗೂ ಕಣ್ಣುಗುಡ್ಡೆಗೂ ನಡುವೆ ಸದಾ ತೇವವಾಗಿರುವ ಸಣ್ಣದೊಂದು ಅಂಚು ಕಾಣುತ್ತದೆ. ಅದರ ಅಗಲ ಸುಮಾರು 2 ಮಿಲಿಮೀಟರ್. ಅಷ್ಟು ಕಿರಿದಾದ ಜಾಗದಲ್ಲಿ ಸೂಜಿಮೊನೆಯಂಥ ರಂಧ್ರಗಳ ಸಾಲೊಂದಿದೆ. ಮೇಲುರೆಪ್ಪೆಯಲ್ಲಿ ಮೂವತ್ತರ ಆಸುಪಾಸು, ಕೆಳರೆಪ್ಪೆಯಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ಇವು ಎಣ್ಣೆಯ ಗ್ರಂಥಿಗಳ ಬಾಯಿಗಳು. 1666ರಲ್ಲಿ ಇವುಗಳನ್ನು ವಿವರವಾಗಿ ಬಣ್ಣಿಸಿದ ಜರ್ಮನ್ ವೈದ್ಯ ಮೈಬೋಮ್ ಅವರ ಹೆಸರಿನಲ್ಲೇ ಇವುಗಳನ್ನು ಮೈಬೋಮಿಯನ್ ಗ್ರಂಥಿಗಳೆಂದು ಕರೆಯುತ್ತಾರೆ.

ನಾವು ಪ್ರತಿ ಸಲ ಕಣ್ಣು ಮಿಟುಕಿಸಿದಾಗಲೂ ಈ ಬಾಯಿಗಳಿಂದ ಸ್ವಲ್ಪ ಎಣ್ಣೆ ಹೊರಬಂದು ಕಣ್ಣೀರಿನ ಮೇಲೆ ತೆಳುವಾಗಿ ಹರಡಿಕೊಳ್ಳುತ್ತದೆ. ಹಾಲಿನ ಮೇಲೆ ಕೆನೆ ಕಟ್ಟಿದಂತೆ. ಈ ಎಣ್ಣೆಯ ಪದರವಿರುವುದರಿಂದಲೇ ಕಣ್ಣೀರು ಬೇಗ ಆರಿಹೋಗುವುದಿಲ್ಲ, ಕಣ್ಣು ಒಣಗುವುದಿಲ್ಲ. ಈಗ ಯೋಚಿಸಿ: ಮೇಣ, ಎಣ್ಣೆ ಮತ್ತು ಕಪ್ಪುಪುಡಿ ಸೇರಿಸಿ ಮಾಡಿದ ಕಾಡಿಗೆಯನ್ನು ದಿನವೂ ಈ ಬಾಯಿಗಳ ಮೇಲೆಯೇ ತೀಡಿದರೆ ಏನಾದೀತು? ಬಾಯಿಗಳು ಮುಚ್ಚಿಕೊಳ್ಳುತ್ತವೆ. ಸಂಜೆಯ ಹೊತ್ತಿಗೆ ಕಣ್ಣು ಉರಿ, ಮರಳು ಬಿದ್ದಂತೆ ಚುರುಚುರು, ಬೆಳಿಗ್ಗೆ ಎದ್ದರೆ ಅಂಚಿನಲ್ಲಿ ಪಿಸುರು. ಕೆಲವರಿಗೆ ಮತ್ತೆ ಮತ್ತೆ ಕಣ್ಣುಕುರು ಏಳುವುದಕ್ಕೂ ಇದು ದಾರಿಯಾಗುತ್ತದೆ.

ಒಳಗೆ ಹಚ್ಚಿದ ಬಣ್ಣ ಎಷ್ಟು ಬೇಗ ಕಣ್ಣೀರಿಗೆ ಸೇರುತ್ತದೆ ಎಂಬುದನ್ನು ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದವರು ಪರೀಕ್ಷಿಸಿ ನೋಡಿ 2015ರಲ್ಲಿ ಪ್ರಕಟಿಸಿದ್ದರು. ಒಮ್ಮೆ ಪೆನ್ಸಿಲ್ಲನ್ನು ರೆಪ್ಪೆಗೂದಲಿನ ಒಳಅಂಚಿಗೆ, ಇನ್ನೊಮ್ಮೆ ರೆಪ್ಪೆಗೂದಲಿನ ಹೊರಗೆ ಹಚ್ಚಿಸಿ ಹೋಲಿಸಿದ್ದರು. ಒಳಅಂಚಿಗೆ ಹಚ್ಚಿದಾಗ ಮೊದಲ 5 ನಿಮಿಷಗಳಲ್ಲೇ ಶೇಕಡ 15ರಿಂದ 30ರಷ್ಟು ಹೆಚ್ಚು ಕಣಗಳು ಕಣ್ಣೀರಿನ ಪದರಕ್ಕೆ ಸೇರಿದ್ದವು.

ನಮ್ಮಲ್ಲಿ ಕಾಡಿಗೆ ಎಂದರೆ ಒಳಅಂಚಿಗೇ ಇಡುವುದು. ತಾಯಂದಿರು, ಅಜ್ಜಿಯರು ಹಾಗೆಯೇ ಕಲಿಸಿದ್ದಾರೆ. ಹಬ್ಬಕ್ಕೋ ಮದುವೆಗೋ ಒಂದು ದಿನ ಹಾಗೆ ಇಟ್ಟುಕೊಂಡರೆ ಆರೋಗ್ಯವಾದ ಕಣ್ಣು ತಡೆದುಕೊಂಡೀತು. ದಿನನಿತ್ಯದ ರೂಢಿಯಾಗುವುದು ಬೇಡ. ಹೊಸದಾಗಿ ಕಲಿಯುವ ಹುಡುಗಿಯರು ಮೊದಲ ದಿನದಿಂದಲೇ ಗೆರೆಯನ್ನು ರೆಪ್ಪೆಗೂದಲಿನ ಹೊರಗೆ ಎಳೆಯುವುದನ್ನು ಅಭ್ಯಾಸ ಮಾಡಿಕೊಂಡರೆ ಮುಂದೆ ಬಿಡಿಸುವ ಕಷ್ಟವೇ ಇಲ್ಲ.

ಅಂಗಡಿಯಲ್ಲಿ ಏನು ನೋಡಬೇಕು?

ಯಾವ ಕಂಪನಿಯದು ಒಳ್ಳೆಯದು ಎಂದು ಈ ಅಂಕಣದಲ್ಲಿ ಹೇಳುವುದಿಲ್ಲ. ಬೆಲೆ ಹೆಚ್ಚಿದ್ದರೆ ಕಣ್ಣಿಗೆ ಹಿತ ಎಂಬುದೂ ನಿಜವಲ್ಲ. ನೋಡಬೇಕಾದದ್ದು ಪೊಟ್ಟಣದ ಹಿಂಬದಿ. ನಮ್ಮ ದೇಶದಲ್ಲಿ ಸೌಂದರ್ಯವರ್ಧಕಗಳಿಗೆ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯೂ ಅದರಡಿ ಬಂದ 2020ರ ನಿಯಮಾವಳಿಯೂ ಅನ್ವಯಿಸುತ್ತವೆ. ಬಣ್ಣ ಕೊಡಲು ಸೀಸದ ಅಥವಾ ಪಾಷಾಣದ ಸಂಯುಕ್ತಗಳನ್ನು ಬಳಸುವಂತಿಲ್ಲ ಎಂಬುದು ಹಳೆಯ ಕಾಲದಿಂದಲೂ ಇರುವ ನಿಯಮ. ತಯಾರಕರ ಹೆಸರು ಮತ್ತು ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಯಾವಾಗಿನವರೆಗೆ ಬಳಸಬಹುದೆಂಬ ತಿಂಗಳು, ವರ್ಷ ಇವೆಲ್ಲ ಅಚ್ಚಾಗಿರಬೇಕು. ಹೊರದೇಶದ ಮಾಲಾದರೆ ತರಿಸಿದವರ ಹೆಸರೂ ನೋಂದಣಿ ಸಂಖ್ಯೆಯೂ ಇರಬೇಕು. ಜಾತ್ರೆಯಲ್ಲಿ ಚಾಪೆಯ ಮೇಲೆ ಹರಡಿಕೊಂಡು ಮಾರುವ, ಇದಾವುದೂ ಇಲ್ಲದ ಥಳಕಿನ ಡಬ್ಬಿಯನ್ನು ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಬಳೆ, ರಿಬ್ಬನ್ ಕೊಳ್ಳಿ, ಜಾತ್ರೆಯ ಸಂತೋಷಕ್ಕೆ ಅಷ್ಟು ಸಾಕು.

ಪೊಟ್ಟಣದ ಮೇಲೆ ಇನ್ನೊಂದು ಪುಟ್ಟ ಚಿತ್ರ ಇರುವುದುಂಟು: ಮುಚ್ಚಳ ತೆರೆದ ಡಬ್ಬಿ, ಅದರೊಳಗೆ 6 ಅಥವಾ 12 ಎಂಬ ಅಂಕಿ, ಪಕ್ಕದಲ್ಲಿ ಎಂ ಎಂಬ ಇಂಗ್ಲಿಷ್ ಅಕ್ಷರ. ಒಮ್ಮೆ ತೆರೆದ ಮೇಲೆ ಅಷ್ಟು ತಿಂಗಳು ಬಳಸಬಹುದು ಎಂದು ಅದರ ಅರ್ಥ. ಬಹುಮಂದಿ ಇದನ್ನು ಗಮನಿಸಿಯೇ ಇರುವುದಿಲ್ಲ.

ಸುರುಮದ ಬಗ್ಗೆ ಎರಡು ಮಾತು ಹೇಳಲೇಬೇಕು. ಅರೆದ ಕಲ್ಲಿನಿಂದ ಮಾಡಿದ ಸಾಂಪ್ರದಾಯಿಕ ಸುರುಮದಲ್ಲಿ ಬಹಳ ಸಲ ಇರುವುದು ಸೀಸದ ಅದಿರು. ಹೊಳಪಿರುವ ಕಡುಬೂದು ಬಣ್ಣದ ಆ ಕಲ್ಲು ನುಣ್ಣಗೆ ಅರೆದಾಗ ಕಣ್ಣಿಗೆ ತಂಪೆನಿಸಬಹುದು, ಸೀಸ ವಿಷವೇ. ಇದು ಸುರುಮದ ಮಾತು ಮಾತ್ರವಲ್ಲ. ಕಾಜಲ್ ಎಂಬ ಹೆಸರಿನಲ್ಲಿ ಮಾರುವ, ಎಲ್ಲಿ ಮಾಡಿದರೆಂದು ಗೊತ್ತಿಲ್ಲದ ಪುಡಿಗಳಲ್ಲೂ ಸೀಸ ಸಿಕ್ಕಿದೆ. ಮನೆಯಲ್ಲಿ ಮೂಸಿ ನೋಡಿಯೋ ಬೆರಳಲ್ಲಿ ತಿಕ್ಕಿ ನೋಡಿಯೋ ಸೀಸವನ್ನು ಕಂಡುಹಿಡಿಯಲಾಗದು. ಆದ್ದರಿಂದಲೇ ಪೊಟ್ಟಣದ ಹಿಂಬದಿಯ ಅಕ್ಷರಗಳಿಗೆ ಇಷ್ಟು ಮಹತ್ವ.

ಮೊದಲ ಸಲ ಕೊಳ್ಳುವವರಿಗೆ ಒಂದೇ ವಸ್ತು ಸಾಕು: ಕಪ್ಪು ಅಥವಾ ಕಡು ಕಂದು ಬಣ್ಣದ ಒಂದು ಮೆತ್ತನೆಯ ಪೆನ್ಸಿಲ್. ಮರದ ಪೆನ್ಸಿಲ್ ಆದರೆ ಇನ್ನೂ ಒಳ್ಳೆಯದು. ಕೆತ್ತಿದಾಗಲೆಲ್ಲ ಮೇಲಿನ ಕೊಳೆಯಾದ ಪದರ ಉದುರಿಹೋಗಿ ಹೊಸ ಮುಖ ಬರುತ್ತದೆ. ದುಂಡನೆಯ ಡಬ್ಬಿಯ ಕಾಡಿಗೆಯಲ್ಲಿ ತೊಂದರೆ ಕಾಡಿಗೆಯದಲ್ಲ, ಬೆರಳಿನದು. ಮನೆಯ ನಾಲ್ಕು ಜನರ ನಾಲ್ಕು ಬೆರಳು ಅದ್ದಿದ ಡಬ್ಬಿಯಲ್ಲಿ ಏನೇನು ಸೇರಿಕೊಂಡಿದೆಯೆಂದು ಹೇಳುವವರಾರು? ಡಬ್ಬಿಯದೇ ಇಷ್ಟವೆಂದರೆ ಪ್ರತಿ ಸಲ ಹೊಸ ಹತ್ತಿ ಕಡ್ಡಿಯಿಂದ ತೆಗೆದುಕೊಳ್ಳಿ.

ಕುಂಚದ ಲೈನರಿಗೆ ಕೈ ಪಳಗಿರಬೇಕು, ಅದು ಆರು ತಿಂಗಳ ನಂತರದ ಮಾತು. ಮಸ್ಕರಾ ಕೊಂಡರೆ ನೀರಿನಲ್ಲಿ ತೊಳೆದರೆ ಹೋಗುವಂಥದನ್ನೇ ಆರಿಸಿ. ನೀರಿಗೆ ಜಗ್ಗದ ಮಸ್ಕರಾವನ್ನು ತೆಗೆಯಲು ಉಜ್ಜಿ ಉಜ್ಜಿ ರೆಪ್ಪೆಗೂದಲು ಕಿತ್ತುಕೊಳ್ಳುವವರೇ ಹೆಚ್ಚು. ಮಿನುಗುವ ಪುಡಿ ಬೇಡವೇ ಬೇಡ. ಕಾಗದದ ಅಲಂಕಾರಕ್ಕೆ ಬಳಸುವ ಮಿನುಗಂತೂ ಕಣ್ಣೊಳಗೆ ಬಿದ್ದರೆ ಗಾಜಿನ ಚೂರಿನಂತೆ ಗೀರುತ್ತದೆ. ಕುಂಕುಮವನ್ನೋ ಹೋಳಿಯ ಬಣ್ಣವನ್ನೋ ರೆಪ್ಪೆಯ ಮೇಲೆ ಸವರಿಕೊಳ್ಳುವುದು, ತುಟಿಯ ಬಣ್ಣವನ್ನೇ ಕಣ್ಣಿಗೂ ಹಚ್ಚುವುದು ಇವನ್ನೆಲ್ಲ ಬಿಟ್ಟುಬಿಡಿ. ತುಟಿಗೆ ಸರಿಯಾದ ಬಣ್ಣಗಳೆಲ್ಲ ಕಣ್ಣಿಗೂ ಸರಿಯಲ್ಲ.

ಹೊಸ ವಸ್ತುವನ್ನು ತಂದ ದಿನವೇ ಕಣ್ಣಿಗೆ ಹಚ್ಚಬೇಡಿ. ಮೊಣಕೈ ಒಳಮಡಿಕೆಯಲ್ಲಿ ಸ್ವಲ್ಪ ಹಚ್ಚಿ ಎರಡು ದಿನ ನೋಡಿ. ತುರಿಕೆ, ಕೆಂಪು ಕಾಣಿಸಿದರೆ ಅದು ನಿಮಗಲ್ಲ. ಮದುವೆಯ ಹಿಂದಿನ ದಿನ ಕೊಂಡರೆ ಈ ಪರೀಕ್ಷೆಗೆ ಸಮಯವೆಲ್ಲಿ? ಹದಿನೈದು ದಿನ ಮೊದಲೇ ಕೊಳ್ಳಿ.

ಹಚ್ಚುವ ಬಗೆ

ಕೈಯನ್ನು ಸೋಪಿನಲ್ಲಿ ತೊಳೆದು ಒರೆಸಿಕೊಳ್ಳಿ. ಕಿಟಕಿಯ ಬೆಳಕು ಮುಖದ ಮೇಲೆ ಬೀಳುವಂತೆ ಕುಳಿತುಕೊಳ್ಳಿ. ಕನ್ನಡಿ ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗಿರಲಿ. ಆಗ ರೆಪ್ಪೆ ತಾನಾಗಿ ಇಳಿಯುತ್ತದೆ, ಚರ್ಮ ಎಳೆಯಬೇಕಾಗುವುದಿಲ್ಲ. ಮೊಣಕೈಯನ್ನು ಮೇಜಿನ ಮೇಲೂರಿ. ಕಿರುಬೆರಳು ಕೆನ್ನೆಯ ಮೇಲೆ ನಿಂತಿರಲಿ. ಮಗ್ಗಿ ಬರೆಯುವ ಮಗುವಿನಂತೆ ಒಂದೇ ಎಳೆತಕ್ಕೆ ಗೆರೆ ಎಳೆಯಲು ಹೋಗಬೇಡಿ. ಮೇಲುರೆಪ್ಪೆಯ ಕೂದಲಿನ ಬುಡದ ಹೊರಗೆ, ಕಣ್ಣಿನ ನಡುವಿನಿಂದ ಹೊರಮೂಲೆಯವರೆಗೆ ನಾಲ್ಕೈದು ಚುಕ್ಕಿ ಇಟ್ಟುಕೊಳ್ಳಿ. ರಂಗೋಲಿ ಹಾಕುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆಮೇಲೆ ಚುಕ್ಕಿಗಳನ್ನು ಸಣ್ಣ ಗೆರೆಗಳಿಂದ ಸೇರಿಸಿ. ಗೆರೆ ಅಂಕುಡೊಂಕಾದರೆ ಹತ್ತಿ ಕಡ್ಡಿಯಿಂದ ಮೆಲ್ಲಗೆ ಸವರಿ. ಮಸುಕಾದ ಗೆರೆಯೇ ಹೆಚ್ಚು ಸಹಜವಾಗಿ ಕಾಣುತ್ತದೆ.

ಕೆಳರೆಪ್ಪೆಗೆ ಹಚ್ಚಲೇಬೇಕೆಂದರೆ ಹೊರಮೂಲೆಯ ಮೂರನೇ ಒಂದು ಭಾಗಕ್ಕೆ, ಅದೂ ಕೂದಲಿನ ಹೊರಗೆ, ತೆಳುವಾಗಿ ಹಚ್ಚಿ. ಸುತ್ತ ದಪ್ಪಗೆ ಬಳಿದರೆ ಸಣ್ಣ ಕಣ್ಣು ಇನ್ನೂ ಸಣ್ಣದಾಗಿ ಕಾಣುತ್ತದೆ. ನಮ್ಮ ಗೋಧಿಬಣ್ಣಕ್ಕೂ ಕಪ್ಪು ಮೈಬಣ್ಣಕ್ಕೂ ಕಡು ಕಂದು, ಕಡು ನೀಲಿ ಚೆನ್ನಾಗಿ ಒಪ್ಪುತ್ತವೆ. ಕಪ್ಪೇ ಆಗಬೇಕೆಂಬ ನಿಯಮವೇನಿಲ್ಲ.

ಕನ್ನಡಕ ಹಾಕುವವರು ಒಂದು ವಿಷಯ ನೆನಪಿಡಿ. ದೂರದ್ದು ಕಾಣದವರ ಮೈನಸ್ ಗಾಜು ಕಣ್ಣನ್ನು ಕಿರಿದಾಗಿ ತೋರಿಸುತ್ತದೆ, ಅವರಿಗೆ ಗೆರೆ ತುಸು ಎದ್ದು ಕಂಡರೂ ಸರಿ. ಪ್ಲಸ್ ಗಾಜು ದೊಡ್ಡದಾಗಿ ತೋರಿಸುತ್ತದೆ, ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಮೊದಲು ಲೆನ್ಸ್, ಆಮೇಲೆ ಅಲಂಕಾರ. ತೆಗೆಯುವಾಗಲೂ ಮೊದಲು ಲೆನ್ಸ್ ತೆಗೆದು ಆಮೇಲೆ ಅಲಂಕಾರ ಒರೆಸಬೇಕು.

ದಾವಣಗೆರೆ ಸೀಮೆಯ ಏಪ್ರಿಲ್ ಬಿಸಿಲಿಗೆ ಮೇಣದ ಕಾಡಿಗೆ ಕರಗಿ ಕೆನ್ನೆಗಿಳಿಯುವುದು ಎಲ್ಲರಿಗೂ ಗೊತ್ತು. ಹಚ್ಚುವ ಮೊದಲು ರೆಪ್ಪೆಯ ಮೇಲಿನ ಬೆವರು, ಜಿಡ್ಡನ್ನು ಒರೆಸಿ. ಗೆರೆಯ ಮೇಲೆ ಅದೇ ಬಣ್ಣದ ಒಣ ಐ ಶ್ಯಾಡೋವನ್ನು ಕಣ್ಣು ಮುಚ್ಚಿಕೊಂಡು ಮೆಲ್ಲಗೆ ಒತ್ತಿದರೆ ಕರಗುವುದು ಕಡಿಮೆಯಾಗುತ್ತದೆ.

ಇನ್ನೊಂದು ಮಾತು ಕಾಲೇಜಿನ ಹುಡುಗಿಯರಿಗೆ. ಬೆಳಗಿನ ಬಸ್ಸಿನಲ್ಲಿ ಹೊನ್ನಾಳಿಗೋ ಶಿವಮೊಗ್ಗಕ್ಕೋ ಹೋಗುವಾಗ ಪುಟ್ಟ ಕನ್ನಡಿ ಹಿಡಿದು ಕಾಡಿಗೆ ತೀಡಿಕೊಳ್ಳುವವರನ್ನು ನೀವೂ ನೋಡಿರುತ್ತೀರಿ. ಡ್ರೈವರ್ ಒಮ್ಮೆ ಬ್ರೇಕ್ ಒತ್ತಿದರೆ ಪೆನ್ಸಿಲ್ಲಿನ ಮೊನೆ ಕಣ್ಣಿನ ಕರಿಯಾಲಿಯ ಮೇಲಿನ ಪಾರದರ್ಶಕ ಪೊರೆಗೆ, ಅಂದರೆ ಕಾರ್ನಿಯಾಕ್ಕೆ ತಾಗುತ್ತದೆ. ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಭದ್ರಾ ನಾಲೆಯ ನಮ್ಮ ಬತ್ತದ ಸೀಮೆಯಲ್ಲಿ ಕಾರ್ನಿಯಾ ಗೀರಿದ ಮೇಲೆ ಹೊಟ್ಟು, ದೂಳು ಬಿದ್ದು ಶಿಲೀಂಧ್ರದ ಸೋಂಕು ತಗಲುವ ಅಪಾಯವೂ ಉಂಟು. ಆ ಹುಣ್ಣು ಮಾಯುವುದು ನಿಧಾನ, ಬಿಳಿ ಕಲೆ ಉಳಿದರೆ ದೃಷ್ಟಿಯೇ ಹೋದೀತು. ಐದು ನಿಮಿಷ ಮೊದಲೇ ಎದ್ದು ಮನೆಯಲ್ಲೇ ಹಚ್ಚಿಕೊಂಡು ಹೊರಡಿ.

ಮನೆಯ ಕಾಡಿಗೆ ಒಳ್ಳೆಯದಲ್ಲವೇ?

ಈ ಪ್ರಶ್ನೆ ಬಂದೇ ಬರುತ್ತದೆ. ನಂದಿಬಟ್ಟಲು ಹೂವಿನ ರಸದಲ್ಲೋ ಹೊನಗೊನ್ನೆ ಸೊಪ್ಪಿನ ರಸದಲ್ಲೋ ಬಿಳಿ ಬಟ್ಟೆಯನ್ನು ನೆನೆಸಿ ನೆರಳಲ್ಲಿ ಒಣಗಿಸಿ, ಬತ್ತಿ ಹೊಸೆದು, ಹರಳೆಣ್ಣೆಯ ದೀಪ ಹಚ್ಚಿ, ಮೇಲೆ ಹಿತ್ತಾಳೆಯ ತಟ್ಟೆ ಕವುಚಿಟ್ಟು, ರಾತ್ರಿಯೆಲ್ಲ ಕಟ್ಟಿದ ಮಸಿಯನ್ನು ಕೆರೆದು ತುಪ್ಪದಲ್ಲಿ ಕಲಸಿಡುವ ಕಾಡಿಗೆ ನಮ್ಮ ಊರುಗಳ ಅನೇಕ ಮನೆಗಳಲ್ಲಿ ಇವತ್ತಿಗೂ ಇದೆ. ಹೀಗೆ ಮಾಡಿದ್ದರಲ್ಲಿ ಬರಿಯ ದೀಪದ ಮಸಿ ಇರುವುದರಿಂದ ಸೀಸದ ಭಯ ಇಲ್ಲವೆನ್ನಬಹುದು. ಗುರುತು ಪರಿಚಯವಿಲ್ಲದ ಜಾತ್ರೆ ಡಬ್ಬಿಗಿಂತ ಇದು ಮೇಲು.

ಆದರೂ ಮಸಿ ಮಸಿಯೇ. ಒಳಅಂಚಿಗೆ ಇಟ್ಟರೆ ಅದೂ ಗ್ರಂಥಿಗಳ ಬಾಯಿ ಮುಚ್ಚುತ್ತದೆ. ತುಪ್ಪ ತಿಂಗಳುಗಟ್ಟಲೆ ಇಟ್ಟರೆ ಕಮಟಾಗುತ್ತದೆ, ಒದ್ದೆ ಬೆರಳು ಅದ್ದಿದರೆ ಕೆಡುತ್ತದೆ. ಕಾರ್ಖಾನೆಯ ಕಾಡಿಗೆಗೆ ಹಾಕುವ ಕೆಡದಂತೆ ಕಾಪಾಡುವ ವಸ್ತು ಇದರಲ್ಲಿಲ್ಲ. ಮಾಡುವುದಾದರೆ ಒಂದೆರಡು ವಾರಕ್ಕಾಗುವಷ್ಟೇ ಮಾಡಿ, ಕುದಿಸಿ ಒಣಗಿಸಿದ ಪುಟ್ಟ ಡಬ್ಬಿಯಲ್ಲಿಡಿ. ಕಣ್ಣಿನ ಹೊಳಪು ಹೆಚ್ಚುತ್ತದೆ, ಪೊರೆ ಬರುವುದಿಲ್ಲ ಎಂದೆಲ್ಲ ನಂಬಿ ಹಚ್ಚಬೇಡಿ. ಕಾಡಿಗೆ ಅಲಂಕಾರ, ಔಷಧವಲ್ಲ.

ಕೂಸಿನ ಕಣ್ಣಿಗೆ ಬೇಡ

ಈ ಲೇಖನದಲ್ಲಿ ಒಂದು ಭಾಗವನ್ನಷ್ಟೇ ಓದುವುದಾದರೆ ಇದನ್ನು ಓದಿ. ಮನೆಯ ಹಿರಿಯರಿಗೂ ಓದಿ ಹೇಳಿ.

ಹುಟ್ಟಿದ ಕೂಸಿಗೆ ನೀರೆರೆದು, ಹೊಗೆ ಹಾಕಿ, ಕಣ್ಣಿಗೆ ಕಾಡಿಗೆ ತೀಡುವುದು ನಮ್ಮಲ್ಲಿ ಬಾಣಂತನದ ಒಂದು ಅಂಗವೇ ಆಗಿಬಿಟ್ಟಿದೆ. ಕಣ್ಣು ದೊಡ್ಡದಾಗುತ್ತದೆ ಎಂಬ ನಂಬಿಕೆ. ಹುಟ್ಟುವಾಗ ಕೂಸಿನ ಕಣ್ಣುಗುಡ್ಡೆಯ ಉದ್ದ ಸುಮಾರು 17 ಮಿಲಿಮೀಟರ್, ದೊಡ್ಡವರಾದಾಗ 23ರಿಂದ 24. ಈ ಬೆಳವಣಿಗೆ ಕಾಡಿಗೆ ಹಚ್ಚಿದರೂ ಆಗುತ್ತದೆ, ಹಚ್ಚದಿದ್ದರೂ ಆಗುತ್ತದೆ. ಕಣ್ಣಿನ ಆಕಾರ ಬರುವುದು ಅಪ್ಪ ಅಮ್ಮನಿಂದ, ಡಬ್ಬಿಯಿಂದಲ್ಲ.

ಆಗುವ ಹಾನಿ ಮಾತ್ರ ನಿಜವಾದದ್ದು. ಕಣ್ಣೀರು ಮೂಗಿಗಿಳಿಯುವ ಸಣ್ಣ ನಾಳವೊಂದು ಪ್ರತಿ ಕಣ್ಣಿನಲ್ಲೂ ಇದೆ. ಅನೇಕ ಎಳೆಗೂಸುಗಳಲ್ಲಿ ಹುಟ್ಟುವಾಗ ಆ ನಾಳದ ಕೊನೆ ತೆಳುವಾದ ಪೊರೆಯಿಂದ ಮುಚ್ಚಿರುತ್ತದೆ. ಹೆಚ್ಚಿನವರಿಗೆ ಒಂದು ವರ್ಷದೊಳಗೆ ತಾನಾಗಿ ತೆರೆದುಕೊಳ್ಳುತ್ತದೆ. ಅಂಥ ಕೂಸಿನ ಕಣ್ಣಲ್ಲಿ ನೀರು ನಿಂತಿರುತ್ತದೆ, ಪಿಸುರು ಕಟ್ಟುತ್ತದೆ. ಅದರ ಮೇಲೆ ಬೆರಳಿನಿಂದ ಕಾಡಿಗೆ ತೀಡಿದರೆ ನಿಂತ ನೀರಿಗೆ ಕೊಳೆ ಸುರಿದಂತೆ.

ಕಾಡಿಗೆಯಲ್ಲಿ ಸೀಸವಿದ್ದರಂತೂ ಹೇಳುವುದೇ ಬೇಡ. ಕೂಸು ಕಣ್ಣುಜ್ಜುತ್ತದೆ, ಅದೇ ಕೈಯನ್ನು ಬಾಯಿಗಿಡುತ್ತದೆ. ಹೊಟ್ಟೆಗೆ ಹೋದ ಸೀಸದಲ್ಲಿ ದೊಡ್ಡವರ ಮೈ ಹತ್ತರಲ್ಲಿ ಒಂದು ಪಾಲಿನಷ್ಟು ಹೀರಿಕೊಂಡರೆ ಎಳೆಯ ಮಕ್ಕಳ ಮೈ ಸುಮಾರು ಅರ್ಧದಷ್ಟು ಹೀರಿಕೊಳ್ಳುತ್ತದೆ. ಬೆಳೆಯುವ ಮಿದುಳಿಗೆ ಅದು ಮಾಡುವ ಕೆಡಕು ಹೊರಗೆ ಕಾಣುವುದಿಲ್ಲ. ಮುಂದೆ ಶಾಲೆಯಲ್ಲಿ ಪಾಠ ಹತ್ತದಿದ್ದಾಗ ಯಾರೂ ಕಾಡಿಗೆಯನ್ನು ನೆನೆಯುವುದಿಲ್ಲ. ಇಷ್ಟರವರೆಗೆ ಪರವಾಗಿಲ್ಲ ಎನ್ನುವ ಮಟ್ಟವೇ ಸೀಸಕ್ಕೆ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2011ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಆರು ತಿಂಗಳ ಕೂಸೊಂದರ ರಕ್ತದಲ್ಲಿ ಸೀಸ ಹೆಚ್ಚಿರುವುದು ಪತ್ತೆಯಾಯಿತು. ಕಾರಣ ಹುಡುಕಿದಾಗ ಸಿಕ್ಕಿದ್ದು ನೈಜೀರಿಯಾದಿಂದ ತಂದ ಟಿರೊ ಎಂಬ ಕಣ್ಣುಕಪ್ಪು. ಅದರ ತೂಕದಲ್ಲಿ ಶೇಕಡ 80ಕ್ಕೂ ಹೆಚ್ಚು ಸೀಸವೇ ಇತ್ತು. 2013ರಲ್ಲಿ ಅದೇ ದೇಶದ ನ್ಯೂ ಮೆಕ್ಸಿಕೊದಲ್ಲಿ ಅಫ್ಘಾನಿಸ್ತಾನದಿಂದ ತಂದ ಕಾಜಲ್‌ನಿಂದ ಮಕ್ಕಳ ಮೈಗೆ ಸೀಸ ಸೇರಿದ್ದು ಬೆಳಕಿಗೆ ಬಂತು. ಆ ಮನೆಗಳಲ್ಲೂ ಅದನ್ನು ಪ್ರೀತಿಯಿಂದಲೇ ಹಚ್ಚಿದ್ದರು.

ದೃಷ್ಟಿಯಾಗದಿರಲಿ ಎಂಬ ಹಿರಿಯರ ಕಳಕಳಿಯೊಂದಿಗೆ ಜಗಳವಾಡುವ ಅಗತ್ಯವಿಲ್ಲ. ‘ಅತ್ತೆ, ಕಣ್ಣಿಗೆ ಬೇಡ ಅಂತ ಡಾಕ್ಟರು ಹೇಳ್ಯಾರೆ. ದೃಷ್ಟಿಬೊಟ್ಟು ಕಿವಿ ಹಿಂದೆ ನೀವೇ ಇಡ್ರಿ’ ಎಂದರೆ ಬಹುಮಟ್ಟಿಗೆ ಒಪ್ಪುತ್ತಾರೆ. ಬೊಟ್ಟಿಗೆ ಮನೆಯ ದೀಪದ ಮಸಿ ಸಾಕು. ಅಂಗಾಲಿಗೆ ಇಡುವ ಪದ್ಧತಿಯೂ ಇದೆ, ಆದರೆ ಐದಾರು ತಿಂಗಳಾದ ಮೇಲೆ ಕಾಲ್ಬೆರಳನ್ನೇ ಬಾಯಿಗಿಟ್ಟುಕೊಳ್ಳದ ಕೂಸು ಯಾವುದಿದೆ? ಕಿವಿಯ ಹಿಂದೆಯೇ ವಾಸಿ. ಕೂಸಿನ ಕಣ್ಣು ಕೆಂಪಗಾದರೆ, ಪಿಸುರಿನಿಂದ ಅಂಟಿಕೊಂಡರೆ ಎದೆಹಾಲು ಹಿಂಡುವುದು, ಹರಳೆಣ್ಣೆ ಬಿಡುವುದು ಬೇಡ. ವೈದ್ಯರಿಗೆ ತೋರಿಸಿ.

ಒಂದು ಪೆನ್ಸಿಲ್, ಮೂವತ್ತು ಕಣ್ಣು

ಶಾಲೆಯ ವಾರ್ಷಿಕೋತ್ಸವದ ಸಂಜೆ. ಕೋಲಾಟಕ್ಕೆ ಹದಿನೈದು ಮಕ್ಕಳು ಸಾಲಾಗಿ ನಿಂತಿದ್ದಾರೆ. ಟೀಚರಮ್ಮ ಒಂದೇ ಕಾಡಿಗೆ ಕಡ್ಡಿಯಿಂದ ಸರಸರನೆ ಎಲ್ಲರ ಕಣ್ಣಿಗೂ ತೀಡಿ ವೇದಿಕೆಗೆ ಕಳಿಸುತ್ತಾರೆ. ಅವರ ಉತ್ಸಾಹವನ್ನು ಮೆಚ್ಚಬೇಕು. ಆದರೆ ಆ ಸಾಲಿನಲ್ಲಿ ಒಬ್ಬ ಮಗುವಿಗೆ ಕಣ್ಣುಬೇನೆ ಶುರುವಾಗಿದ್ದರೆ ವಾರದೊಳಗೆ ತರಗತಿಯೇ ಖಾಲಿಯಾಗುತ್ತದೆ. 2023ರ ಜುಲೈ, ಆಗಸ್ಟ್‌ನಲ್ಲಿ ರಾಜ್ಯದಾದ್ಯಂತ ಮದ್ರಾಸ್ ಐ ಹೇಗೆ ಹಬ್ಬಿತ್ತೆಂದು ನೆನಪಿರಬೇಕು. ಕೈಯಿಂದ, ಟವೆಲ್ಲಿನಿಂದ ಹರಡುವ ಆ ವೈರಾಣು ಕಾಡಿಗೆ ಕಡ್ಡಿಯನ್ನೇಕೆ ಬಿಟ್ಟೀತು?

ಪರಿಹಾರ ಸುಲಭ. ಮಗುವಿನ ಪೆನ್ಸಿಲ್ಲನ್ನು ಹೆಸರು ಬರೆದು ಮನೆಯಿಂದಲೇ ಕಳಿಸಿ. ಆಗದಿದ್ದರೆ ಒಂದು ಪೊಟ್ಟಣ ಹತ್ತಿ ಕಡ್ಡಿ ಕೊಂಡು ಟೀಚರಮ್ಮನ ಕೈಗೆ ಕೊಡಿ. ಕಾಡಿಗೆಯನ್ನು ಶುಭ್ರವಾದ ಚಮಚದಿಂದ ತಟ್ಟೆಗೆ ತೆಗೆದುಕೊಂಡು ಮಗುವಿಗೊಂದು ಹೊಸ ಕಡ್ಡಿ, ಗೆರೆ ರೆಪ್ಪೆಯ ಹೊರಗೆ ಮಾತ್ರ. ಮದುವೆಮನೆಗೆ ಬರುವ ಬ್ಯೂಟಿಷಿಯನ್‌ಗೂ ಇದೇ ಮಾತು ಹೇಳಿ. ಹಿಂದಿನ ಮುಹೂರ್ತದ ಮದುಮಗಳಿಗೆ ಹಚ್ಚಿದ ಮಸ್ಕರಾ ಕುಂಚ ನಿಮ್ಮ ಮಗಳ ಕಣ್ಣಿಗೆ ಬರಬೇಕಾಗಿಲ್ಲ. ‘ನಮ್ಮದೇ ಮಸ್ಕರಾ ಇದೆ, ಇದನ್ನೇ ಹಚ್ಚಿ’ ಎನ್ನಲು ಸಂಕೋಚವೇಕೆ?

ಮಸ್ಕರಾದ ಆಯುಸ್ಸು ತೆರೆದ ಮೇಲೆ ಮೂರು ತಿಂಗಳು. ಕುಂಚವನ್ನು ಒಳಗೆ ಹೊರಗೆ ಆಡಿಸಿದಂತೆಲ್ಲ ಗಾಳಿಯೂ ರೋಗಾಣುವೂ ಒಳಸೇರುತ್ತವೆ. ಒಣಗಿತೆಂದು ನೀರು ಬೆರೆಸಬೇಡಿ. ಉಗುಳು ಹಚ್ಚುವವರೂ ಇದ್ದಾರೆ, ಅದಂತೂ ಕೂಡದು. ಕಣ್ಣುಬೇನೆ ಬಂದು ಹೋದ ಮೇಲೆ ಆಗ ಬಳಸಿದ್ದನ್ನೆಲ್ಲ ಎಸೆದುಬಿಡಿ, ಹೊಸದಾಗಿದ್ದರೂ ಸರಿ.

ರಾತ್ರಿ ಮಲಗುವ ಮುನ್ನ ತೆಗೆಯುವುದು ಹಚ್ಚುವುದರಷ್ಟೇ ಮುಖ್ಯ. ಹತ್ತಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ, ಕಣ್ಣು ಮುಚ್ಚಿ, ರೆಪ್ಪೆಯ ಮೇಲೆ ಕಾಲು ನಿಮಿಷ ಇಟ್ಟು, ಮೇಲಿನಿಂದ ಕೆಳಕ್ಕೆ ಒರೆಸಿ. ಉಜ್ಜಬೇಡಿ. ಎಣ್ಣೆ ಕಣ್ಣೊಳಗೆ ಇಳಿಯದಷ್ಟೇ ಇರಲಿ. ಆಮೇಲೆ ಮುಖವನ್ನು ಸೋಪಿನಿಂದ ತೊಳೆಯಿರಿ.

ತೊಂದರೆಯಾದರೆ

ಪುಡಿ ಬಿದ್ದರೆ ಕಣ್ಣುಜ್ಜದೆ ಶುದ್ಧವಾದ ಕುಡಿಯುವ ನೀರನ್ನು ಧಾರಾಳವಾಗಿ ಸುರಿದು ತೊಳೆಯಿರಿ. ಪೆನ್ಸಿಲ್ ಮೊನೆ ತಾಗಿದ ಮೇಲೆ ನೋವು ಇಳಿಯದಿದ್ದರೆ, ಬೆಳಕು ನೋಡಲಾಗದಿದ್ದರೆ, ದೃಷ್ಟಿ ಮಸುಕಾದರೆ, ಕರಿಯಾಲಿಯ ಮೇಲೆ ಬಿಳಿ ಚುಕ್ಕೆ ಕಂಡರೆ ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಿ. ದಾವಣಗೆರೆಯ ಚಿಗಟೇರಿ ಆಸ್ಪತ್ರೆ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಎರಡರಲ್ಲೂ ಕಣ್ಣಿನ ವಿಭಾಗವಿದೆ. ಔಷಧದಂಗಡಿಯಲ್ಲಿ ‘ಕಣ್ಣು ಕೆಂಪಾಗಿದೆ, ಏನಾದರೂ ಡ್ರಾಪ್ಸ್ ಕೊಡಿ’ ಎಂದು ಕೇಳಿ ಹಾಕಿಕೊಳ್ಳಬೇಡಿ. ಅಂಥ ಕೆಲವು ಹನಿಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಕೆಂಪು ಎರಡು ದಿನ ಇಳಿದಂತೆ ಕಂಡು, ಒಳಗೆ ಶಿಲೀಂಧ್ರದ ಹುಣ್ಣು ಬೆಳೆಯುತ್ತಲೇ ಹೋಗುತ್ತದೆ.

ಇದುವರೆಗೆ ಹೆಂಗಸರಿಗೇ ಹೇಳಿದ್ದಾಯಿತು. ನರೆತ ಹುಬ್ಬಿಗೆ ತಲೆಯ ಡೈಯನ್ನೇ ತೀಡುವ ಗಂಡಸರೂ ಈ ಪುಟ ಓದುತ್ತಿರಬಹುದು. ಕಪ್ಪು ಡೈಗಳಲ್ಲೂ ‘ಕಾಲಿ ಮೆಹೆಂದಿ’ ಎಂದು ಮಾರುವ ಬಹಳಷ್ಟು ಪುಡಿಗಳಲ್ಲೂ ಪ್ಯಾರಾಫಿನೈಲಿನ್‌ಡೈಅಮೀನ್ ಎಂಬ ರಾಸಾಯನಿಕ ಇರುತ್ತದೆ. 1933ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ‘ಲ್ಯಾಶ್ ಲ್ಯೂರ್’ ಎಂಬ ರೆಪ್ಪೆ ಬಣ್ಣದಲ್ಲಿ ಇದ್ದದ್ದೂ ಇದೇ ಜಾತಿಯ ರಾಸಾಯನಿಕ. ಅದನ್ನು ಹಚ್ಚಿಕೊಂಡ ಹೆಂಗಸರ ಕಣ್ಣು ಹುಣ್ಣಾಗಿ ದೃಷ್ಟಿ ಹೋಯಿತು, ಒಬ್ಬರು ಜೀವವನ್ನೇ ಕಳೆದುಕೊಂಡರು. ಸೌಂದರ್ಯವರ್ಧಕಗಳನ್ನು ಹಿಡಿತಕ್ಕೆ ತರುವ 1938ರ ಕಾಯ್ದೆ ಆ ದೇಶದಲ್ಲಿ ಬರುವುದಕ್ಕೆ ಇಂಥ ಪ್ರಕರಣಗಳೂ ಕಾರಣವಾದವು. ನಮ್ಮಲ್ಲೂ ಇಂಥ ಡೈ ಪೊಟ್ಟಣದ ಮೇಲೆ, ಹುಬ್ಬಿಗಾಗಲಿ ರೆಪ್ಪೆಗೂದಲಿಗಾಗಲಿ ಬಳಸಬಾರದು, ಬಳಸಿದರೆ ಕುರುಡಾಗಬಹುದು ಎಂಬ ಎಚ್ಚರಿಕೆಯನ್ನು ಅಚ್ಚು ಹಾಕಲೇಬೇಕೆಂಬ ನಿಯಮವಿದೆ. ಅಕ್ಷರ ಬಹಳ ಸಣ್ಣವು. ಕನ್ನಡಕ ಹಾಕಿಕೊಂಡು ಓದಿ.